ಗಾಜು ಉಜ್ಜುವ ಅಲ್ವೀಸೆ
ವೆನಿಸ್ಸಿನ ಕಾಲುವೆಯಂಚಿನಲ್ಲಿ ಕನ್ನಡಕದ ಗಾಜು ಉಜ್ಜುವ ಅಲ್ವೀಸೆಯ ಉಸಿರು ತನಗಿಂತ ಹೆಚ್ಚು ತಾಗಿರುವುದು ಗಾಜಿಗೇ ಎಂದು ಅವನ ಹೆಂಡತಿ ಓರ್ಸೊಲಾ ನಗುತ್ತಾಳೆ. ವೈನಿನ ಲೋಟವನ್ನೂ ಅವನು ಬೆಳಕಿಗೆ ಹಿಡಿದು ತಿರುಗಿಸಿ ನೋಡದೆ ತುಟಿಗಿಡುವುದಿಲ್ಲ. ಪಾದ್ರಿ ಆಶೀರ್ವದಿಸುವಾಗ ಇವನ ಗಮನವೆಲ್ಲ ಪಾದ್ರಿಯ ಕನ್ನಡಕದ ಗೀರಿನ ಮೇಲೆ. ಸಾಸಿವೆಯಷ್ಟು ಗುಳ್ಳೆ ಸಿಕ್ಕರೂ ಆ ಗಾಜು ಕಾಲುವೆಗೇ. "ಗುಳ್ಳೆ ಬೇಕಾದ್ರೆ ಪಕ್ಕದಂಗಡೀಗೆ ಹೋಗಪ್ಪ" ಎಂಬುದು ಗಿರಾಕಿಗಳಿಗೆಲ್ಲ ಬಾಯಿಪಾಠ. ಇಂಥವನು ಈ ವಸಂತದಲ್ಲಿ ಬಾಡಿಹೋದ. ಗುರುಗ್ರಹವನ್ನು ನಾಲ್ಕು ಚಂದ್ರರು ಸುತ್ತುತ್ತಾರೆಂಬ ಸುದ್ದಿ ಪಕ್ಕದ ಪಡುವಾ ಪಟ್ಟಣದಿಂದ ಬಂದದ್ದೇ ತಡ, ತಾನೂ ಒಂದು ದುರ್ಬೀನು ಕಟ್ಟಿ ಬೀದಿಯವರಿಗೆ ತೋರಿಸಿದ್ದ. ಮೀನು ಮಾರುವ ತೊಮಾಝೊ ಇಣುಕಿ, "ಚಂದ್ರ ಎಲ್ಲಿ ಬಂತು ಮಾರಾಯಾ, ನಿನ್ ಗಾಜಿನ್ ಗುಳ್ಳೆ ಇವು!" ಎಂದುಬಿಟ್ಟ. ಬೀದಿಯೆಲ್ಲ ನಕ್ಕಿತು. ನಲವತ್ತು ವರ್ಷ ಗಾಜು ನೋಡಿ ಮಂಜಾದ ಅಲ್ವೀಸೆಯ ಕಣ್ಣಿಗೆ ಆ ಮಸುಕು ಚುಕ್ಕೆಗಳು ಕಾಣುವುದೇ ಇಲ್ಲ, ಹಾಗಾಗಿ ತೊಮಾಝೊ ಹೇಳಿದ್ದೇ ನಿಜವಿರಬಹುದೆಂಬ ಅಳುಕು ಅವನಿಗೂ ಇದೆ ಎಂಬುದು ಓರ್ಸೊಲಾಗೆ ಮಾತ್ರ ಗೊತ್ತು. ಅಂದಿನಿಂದ ಇಗರ್ಜಿಯ ಸಂಜೆಗಂಟೆ ನಿಲ್ಲುತ್ತಲೇ ಅವಳನ್ನು ದುರ್ಬೀನಿನ ಮುಂದೆ ಕೂರಿಸಿ, "ಎಷ್ಟಿವೆಯೇ?" ಎನ್ನುತ್ತಾನೆ. ಎರಡು ಸಂಜೆ ಅವಳು "ನಾಲ್ಕು" ಎಂದಳು. ನಿನ್ನೆ ಎಷ್ಟು ಹುಡುಕಿದರೂ ಮೂರೇ. ಸುಳ್ಳು ಹೇಳಿಬಿಡಲೇ ಎಂದು ಒಂದು ಕ್ಷಣ ತಡೆದು, "ಒಂದು ಕಾಣ್ತಾ ಇಲ್ಲ ಕಣ್ರೀ" ಎಂದಳು. ಅಲ್ವೀಸೆ ಅವಳ ತಣ್ಣನೆಯ ಕೈಗಳನ್ನು ಹುಡುಕಿ ಕೆನ್ನೆಗೊತ್ತಿಕೊಂಡ, ಕೆನ್ನೆ ಒದ್ದೆಯಾಗಿತ್ತು. "ಗುಳ್ಳೆ ಆಗಿದ್ರೆ ಗಾಜು ಬಿಟ್ಟು ಎಲ್ಲಿಗೆ ಹೋಗ್ತಿತ್ತೇ? ಚಂದ್ರನೇ ಕಣೇ. ಸುತ್ತೋಕೆ ಹೋಗಿದಾನೆ."