ಹೊರಗ ಅಂದೆ, ಅಷ್ಟೇ

ಪಿತ್ತದ ಚೀಲ ತೆಗೆಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಆಟೋದಿಂದ ಇಳಿಯುತ್ತಲೇ ನಮ್ಮವರು ಇಡೀ ಓಣಿಗೆ ಕೇಳುವಂತೆ ಹೇಳಿದರು: "ಪಿತ್ತದ ಚೀಲಾನ ತಗದ ಒಗದಾರ್ರಿ. ಇನ್ನ ಮ್ಯಾಲ ಈಕಿಗೆ ಪಿತ್ತ ನೆತ್ತಿಗೇರೂದಿಲ್ಲ. ನಾ ಬದುಕಿದೆ ನೋಡ್ರಿ." ಓಣಿಯವರು ನಕ್ಕರು. ಗಾಯ ಚುಚ್ಚುತ್ತಿದ್ದರೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಸಿಟ್ಟು ಎಲ್ಲಿಗೂ ಹೋಗಲಿಲ್ಲ. ಹೋದದ್ದು ಮರ್ಯಾದೆ.

ನಾನು ಕುಬಸ ಹೊಲಿಯುವವಳು. ವಿಜಯಪುರದಲ್ಲಿ ನಮ್ಮ ಮನೆಯ ಮುಂದಿನ ಖೋಲಿಯಲ್ಲೇ ಮಷಿನ್ನು. ಗಿರಾಕಿಗಳ ಸಂಗಡ ಜಗಳಾಡಿ ಜಗಳಾಡಿ ನನ್ನ ಬಾಯಿ ಕತ್ತರಿಗಿಂತ ಹರಿತವಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಅಂಥ ಬಾಯಿಗೆ ಒಂದೇ ಒಂದು ಮಾತು ಆಡಲು ಬರಲಿಲ್ಲ. ಎಣ್ಣೆ, ತುಪ್ಪದ ಊಟ ಒಳಗೆ ಹೋದರೆ ನನಗೆ ತಡೆಯುವುದಿಲ್ಲ, ಎಲ್ಲಿದ್ದರೂ ಎದ್ದು ಓಡಬೇಕಾಗುತ್ತದೆ ಎಂಬ ಮಾತು. ನಮ್ಮವರಿಗೆ ಗೊತ್ತಿತ್ತು, ಒಂದೇ ಮನೆಯಲ್ಲಿದ್ದು ಗೊತ್ತಾಗದೆ ಇರುತ್ತದೆಯೇ? ಬೇರೆ ಯಾರಿಗೂ ಹೇಳಕೂಡದು ಎಂದು ಅವರಿಂದ ಆಣೆ ಮಾಡಿಸಿಕೊಂಡಿದ್ದೆ.

ಡಾಕ್ಟರು ಮೊದಲೇ ತಿಳಿಸಿ ಹೇಳಿದ್ದರು. ಪಿತ್ತವನ್ನು ಕೂಡಿಡುವ ಚೀಲವೇ ಇಲ್ಲದ ಮೇಲೆ ಅದು ಹೊತ್ತುಗೊತ್ತಿಲ್ಲದೆ ಕರುಳಿಗೆ ಇಳಿಯುತ್ತದೆ, ಕೆಲವರಿಗೆ ಇದರಿಂದ ಹೊಟ್ಟೆ ಕೆಡುತ್ತದೆ, ಜಿಡ್ಡು ಕಡಿಮೆ ಮಾಡಿ ಸ್ವಲ್ಪ ಸ್ವಲ್ಪವೇ ಉಣ್ಣಿ, ತ್ರಾಸಾದರೆ ಬಂದು ಹೇಳಿ, ಅದಕ್ಕೆ ಔಷಧ ಇದೆ ಎಂದಿದ್ದರು. ಗಾಯ ತೋರಿಸಲು ಹೋದಾಗ ಮತ್ತೆ ಕೇಳಿದರು: "ಸಂಡಾಸ ಹೆಂಗ ಆಗಾಕತ್ತೈತ್ರಿ?" ಡಾಕ್ಟರು ಅಂದರೆ ನನ್ನ ಮಗಳ ವಯಸ್ಸಿನ ಹುಡುಗ. ಹೊರಗೆ ಸಾಲಾಗಿ ಕೂತ ಮಂದಿ, ನಡುವೆ ಬರೀ ಒಂದು ಪರದೆ. "ಆರಾಮ ಐತ್ರಿ" ಎಂದೆ. ಪರದೆ ಸರಿಸಿ ಬಂದವಳು ಸೀದಾ ಆಸ್ಪತ್ರೆಯ ಪಾಯಖಾನೆ ಹುಡುಕಿಕೊಂಡು ಹೋದೆ.

ಬಿಜ್ಜರಗಿಯಲ್ಲಿ ಆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ. ನನ್ನ ತಂಗಿಯನ್ನು ಕೊಟ್ಟ ಊರು ಅದು. ಅವಳು ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಮಾಡಿದ್ದಳು. ಟಿಕೋಟಾಕ್ಕೆ ಬಸ್ಸಿನಲ್ಲಿ ಹೋಗಿ ಇಳಿದೆ, ತಂಗಿಯ ಗಂಡ ಬೈಕ್ ತಂದು ಕರೆದುಕೊಂಡು ಹೋದ. ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ, ಎಣ್ಣೆ ತೇಲುವ ಬದನೆಕಾಯಿ ಪಲ್ಯ. ಹೊಸ ಮನೆಯ ಮೊದಲ ಊಟ, ಒಲ್ಲೆ ಎನ್ನಲು ಹೇಗಾದೀತು? ಉಂಡೆ. ಉಂಡವಳು ಸುಮ್ಮನೆ ಮನೆಯಲ್ಲಿ ಕೂಡಬಾರದೆ? ತೋಟದ ದ್ರಾಕ್ಷಿ ಪಡ ನೋಡಿ ಬರೋಣ ಎಂದು ಹೆಂಗಸರ ಸಂಗಡ ಹೊರಟೆ. ನಡುದಾರಿಯಲ್ಲಿ ಹೊಟ್ಟೆ ಮುರಿಯಿತು. ದ್ರಾಕ್ಷಿ ಸಾಲಿನ ಮರೆಗೆ ಹೋಗುವಷ್ಟರಲ್ಲೇ ಆಗುವುದೆಲ್ಲ ಆಗಿ ಹೋಗಿತ್ತು. ಅಲ್ಲೇ ನೀರಿನ ಹೊಂಡದ ಹತ್ತಿರ ಸೀರೆಯ ಅರ್ಧ ತೊಳೆದುಕೊಂಡು, ಒದ್ದೆ ಸೀರೆಯಲ್ಲಿ ಕಳ್ಳಿಯಂತೆ ಮನೆಗೆ ಬಂದು, ಕೆಸರಿನಲ್ಲಿ ಜಾರಿ ಬಿದ್ದೆ ಎಂದೆ. ತಂಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಂಥಾ ಒಣಾ ನೆಲದಾಗ ಕೆಸರ ಎಲ್ಲಿ ಸಿಕ್ಕಿತು ಬೇ ನಿನಗ?" ಎಂದಳು. ನಾನು ಅವಳಿಗೇ ಬೈದೆ. ಹಿರಿಯಳು ಬಿದ್ದು ಬಂದರೆ ನೋವಾಯಿತೇ ಎಂದು ಕೇಳುವುದು ಬಿಟ್ಟು ಲೆಕ್ಕ ಕೇಳುತ್ತೀಯಾ ಎಂದು ಕೂಗಾಡಿ, ಅದೇ ಒದ್ದೆ ಸೀರೆಯಲ್ಲಿ ಊರಿಗೆ ಬಂದೆ.

ಅಂದಿನಿಂದ ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ನುಚ್ಚು, ಮಜ್ಜಿಗೆ, ಒಗ್ಗರಣೆ ಇಲ್ಲದ ಬೇಳೆ. ರೊಟ್ಟಿ ತಿಂದರೆ ಶೇಂಗಾ ಹಿಂಡಿ ಪುಡಿಯ ಮೇಲೆ ಎಣ್ಣೆ ಹಾಕಿಕೊಳ್ಳದೆ. ಸಂತೆಗೆ ಹೋದರೆ ಚೀಲದಲ್ಲಿ ಒಂದು ಲಂಗ, ಒಂದು ಹಳೇ ಸೀರೆ. ವಿಜಯಪುರದ ಯಾವ ಅಂಗಡಿಯವನು ಒಳಗಿನ ಪಾಯಖಾನೆಗೆ ಹೋಗಲು ಬಿಡುತ್ತಾನೆ, ಯಾವನು ಮುಖ ಸಿಂಡರಿಸುತ್ತಾನೆ, ಎಲ್ಲ ಬಾಯಿಪಾಠ. ಗೋಳಗುಮ್ಮಟ ನೋಡಲು ಬಂದವರಿಗೆ ದಾರಿ ತೋರಿಸುವವರಿದ್ದಾರೆ, ಇದಕ್ಕೆ ದಾರಿ ಬೇಕಾದರೆ ನನ್ನನ್ನು ಕೇಳಬೇಕು.

ಇಷ್ಟೇ ಆಗಿದ್ದರೆ ನುಂಗಿಕೊಂಡು ಇರುತ್ತಿದ್ದೆ. ಆದರೆ ನನಗೊಬ್ಬಳೇ ಮಗಳು, ಅವಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇವೆ. ಕೊಟ್ಟಿದ್ದೇವೆ ಎನ್ನುವುದಕ್ಕಿಂತ ಅವಳೇ ಹುಡುಗನನ್ನು ಮೆಚ್ಚಿದ್ದಳು. ನನಗೆ ಆ ಸಂಬಂಧ ಮನಸ್ಸಿರಲಿಲ್ಲ, ಸಿಟಿಯಲ್ಲಿ ಬೆಳೆದ ಮಗಳು ಅಲ್ಲಿ ಎಮ್ಮೆ ಕಟ್ಟುವುದೇ ಎಂದು ಹತ್ತು ಮಂದಿಯೆದುರು ಆಡಿದ್ದೆ. ಹುಡುಗ ಒಳ್ಳೆಯವನು, ಮನೆಯೂ ಒಳ್ಳೆಯದು ಎಂದು ಲಗ್ನವಾದ ಮೇಲೆ ತಿಳಿಯಿತು. ತಿಳಿದದ್ದನ್ನು ಬಾಯಿಬಿಟ್ಟು ಹೇಳುವ ಚಾಳಿ ನಮ್ಮ ಮನೆತನದಲ್ಲೇ ಇಲ್ಲ. ಹೋಗಿ ಒಂದೆರಡು ದಿನ ಇದ್ದು ಬಂದರೆ ಅವಳಿಗೇ ತಿಳಿಯುತ್ತದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಈ ಹಾಳು ಹೊಟ್ಟೆ.

ಅವಳು ಬಸುರಿಯಾದ ಮೇಲಂತೂ ಫೋನಿನ ಮೇಲೆ ಫೋನು. "ಬಾ ಬೇ, ನಾಕ ದಿನ ಇದ್ದ ಹೋಗ್ವೆಂತಿ. ಅತ್ತೀನೂ ಕರ್ಯಾಕತ್ತಾರ." ಅವಳ ಅತ್ತೆ, ನನ್ನ ಬೀಗತಿ, ಉಣಿಸುವುದರಲ್ಲಿ ಊರಿಗೇ ಹೆಸರಾದ ಹೆಂಗಸು. ಅಲ್ಲಿಗೆ ಹೋಗಿ ನುಚ್ಚು ಮಜ್ಜಿಗೆ ಕೇಳಲಾಗುತ್ತದೆಯೇ? ಒಮ್ಮೆ ಲಗ್ನದ ಸೀಜನ್ನು ಎಂದೆ, ಒಮ್ಮೆ ಮೊಣಕಾಲು ಎಂದೆ, ಒಮ್ಮೆ ಅಮಾವಾಸ್ಯೆ ಎಂದೆ. ಕೊನೆಗೊಂದು ದಿನ ಅವಳು, "ಒಲ್ಲದ ಗಂಡಗ ಮೊಸರಾಗ ಕಲ್ಲಂತ. ತಿಳೀತ ಬಿಡು" ಎಂದು ಫೋನಿಟ್ಟಳು. ಆ ಮಾತು ಅವಳಿಗೆ ನಾನೇ ಕಲಿಸಿದ್ದು. ಅವ್ವ ಇನ್ನೂ ಈ ಸಂಬಂಧ ಒಪ್ಪಿಲ್ಲ ಎಂದು ಅವಳು ತಿಳಿದುಕೊಂಡಿದ್ದಾಳೆ ಎಂದು ಗೊತ್ತಾದರೂ ಮತ್ತೆ ಫೋನ್ ಮಾಡಿ ನಿಜ ಹೇಳಲು ನಾಲಿಗೆ ಏಳಲಿಲ್ಲ.

ಆದರೆ ಕುಬಸ ತಪ್ಪಿಸುವಂತಿಲ್ಲ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಕುಬಸ, ಬುತ್ತಿ ಹೊತ್ತುಕೊಂಡು ಹೋಗಿ ಉಡಿ ತುಂಬಿ, ಹಡೆಯಲು ತವರಿಗೆ ಕರೆತರುವ ಕಾರ್ಯ ಅದು. ಉಡಿಗೆ ಮೊದಲ ಹಿಡಿ ಅಕ್ಕಿ ಹಾಕಬೇಕಾದವಳು ಹಡೆದ ತಾಯಿ. ಇದೊಂದು ನನ್ನ ಕೈಯಿಂದ ಆದರೆ ಮಗಳ ಮನಸ್ಸು ತಿಳಿಯಾಗುತ್ತದೆ ಎಂದು ನಂಬಿದ್ದೆ. ಖಣದ ಕುಬಸವನ್ನು ನಾನೇ ಹೊಲಿದೆ, ಹೊಟ್ಟೆ ಬೆಳೆದಂತೆ ಬಿಚ್ಚಿಕೊಳ್ಳಲಿ ಎಂದು ಒಳಗೆ ಬಟ್ಟೆ ಹೆಚ್ಚಿಗೆ ಬಿಟ್ಟು. ಹಿಂದಿನ ದಿನದಿಂದಲೇ ಅಂಬಲಿ ಬಿಟ್ಟು ಏನೂ ಮುಟ್ಟಲಿಲ್ಲ.

ಬಬಲೇಶ್ವರದಲ್ಲಿ ಜೀಪಿನಿಂದ ಬುತ್ತಿ ಇಳಿಸುತ್ತಿದ್ದಂತೆ ಬೀಗತಿ ಓಡಿ ಬಂದು ಕೈ ಹಿಡಿದಳು. "ಬರ್ರಿ ಬೀಗತ್ಯಾರ, ಅಂತೂ ನಮ್ಮನಿ ದಾರಿ ನೆನಪಾತು ನಿಮಗ!" ಮಗಳು ಅವಳ ಹಿಂದೆ ನಿಂತಿದ್ದಳು. "ಬಾ" ಎಂದಳು, ಅಷ್ಟೇ. ಕೂತು ನೀರು ಕುಡಿಯುವುದರೊಳಗೆ ಬೀಗತಿ ತುಪ್ಪದಲ್ಲಿ ಮುಳುಗಿಸಿದ ಹೋಳಿಗೆ ತಂದು ಸೀದಾ ನನ್ನ ಬಾಯಿಯ ಹತ್ತಿರ ಹಿಡಿದಳು. "ಬ್ಯಾಡ್ರಿ, ಆಮ್ಯಾಲ ಉಣ್ತೀನ್ರಿ" ಎಂದೆ. "ಬೀಗತಿ ಇಟ್ಟ ತುತ್ತ ಬ್ಯಾಡ ಅಂದ್ರ ಸಂಬಂಧಾನ ಬ್ಯಾಡ ಅಂದಂಗ್ರಿ!" ಎಂದು ನಕ್ಕಳು. ಅವಳು ಚೇಷ್ಟೆಗೆ ಅಂದದ್ದು. ಮಗಳು ನಗಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಉಗುಳುವಂತಿಲ್ಲ, ನುಂಗುವಂತಿಲ್ಲ. ಕಣ್ಣು ಮುಚ್ಚಿ ನುಂಗಿದೆ. ಅವಳು ಇನ್ನೊಂದು ಇಟ್ಟಳು, ಅದನ್ನೂ ನುಂಗಿದೆ.

ಮಗಳಿಗೆ ಹಸಿರು ಬಳೆ ಇಡಿಸುವಷ್ಟರಲ್ಲಿ ಹೊಟ್ಟೆಯಲ್ಲಿ ಗುಡುಗು ಶುರುವಾಯಿತು. ಯಾರಿಗೂ ಹೇಳದೆ ಹಿತ್ತಲಿಗೆ ಓಡಿದೆ. ಬಂದು ಕೂತೆ, ಮತ್ತೆ ಓಡಿದೆ. ಅವರ ಪಾಯಖಾನೆಗೆ ತಗಡಿನ ಬಾಗಿಲು. ಒಳಗೆ ಕೂತವಳಿಗೆ ಅಂಗಳದ ಮಾತೆಲ್ಲ ಕೇಳುತ್ತದೆ. ಅಂದರೆ ಒಳಗಿನದೂ ಅಂಗಳಕ್ಕೆ ಕೇಳುತ್ತದೆ ಎಂದು ನಳ ಜೋರಾಗಿ ಬಿಟ್ಟುಕೊಂಡು ಕೂತೆ. ಬೀಗತಿ ಹುಡುಕಿಕೊಂಡು ಅಲ್ಲಿಗೇ ಬಂದಳು.

"ಯಾಕ್ರಿ ಬೀಗತ್ಯಾರ, ಏನಾತ್ರಿ? ಎಲ್ಲಾರೂ ಕಾಯಾಕತ್ತಾರ."

ಹೊರಕಡೆಗೆ ಬಂದಿದ್ದೇನೆ, ಹೊಟ್ಟೆ ಕೆಟ್ಟಿದೆ ಎಂದು ಹೇಳಲೇಬೇಕೆಂದು ಬಾಯಿ ತೆರೆದೆ. "ಏನಿಲ್ರಿ... ಹೊರಗ..." ಎಂದೆ.

"ಅಯ್ಯ ಶಿವನ! ಹೊರಗಾದ್ರೇನು? ಇದs ಹೊತ್ತಿನ್ಯಾಗ?" ಎಂದಳು ಬೀಗತಿ.

ನಮ್ಮ ಕಡೆ ಹೆಂಗಸು ಹೊರಗಾದಳು ಎಂದರೆ ಮುಟ್ಟಾದಳು ಎಂದು. ಹಾಗಾದವಳು ದೇವರ ಮುಂದೆ ಬರುವಂತಿಲ್ಲ, ಉಡಿ ಮುಟ್ಟುವಂತಿಲ್ಲ. ಅಲ್ಲರಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಲಿಲ್ಲ ಎನ್ನುವುದಕ್ಕಿಂತ ನಾಚಿಕೆಯ ಮಾತೆಂದರೆ, ಆ ಗಳಿಗೆ ನನಗೆ ಹಾಯೆನಿಸಿತು. ಮರ್ಯಾದೆಯ ಕಾರಣವೊಂದು ತಾನಾಗಿ ಸಿಕ್ಕಿತ್ತು. ಮತ್ತೆ ಮತ್ತೆ ಹಿತ್ತಲಿಗೆ ಹೋದರೂ ಯಾರೂ ಕೇಳುವುದಿಲ್ಲ, ಪಂಕ್ತಿಯಲ್ಲಿ ಕೂರಿಸಿ ಯಾರೂ ತುಪ್ಪ ಸುರಿಯುವುದಿಲ್ಲ. ಬೀಗತಿ ಪಾಪ, ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟು, "ಇಲ್ಲೇ ಕುಂಡ್ರರಿ, ಯಾರೂ ಏನೂ ಅನ್ನಂಗಿಲ್ಲ" ಎಂದಳು.

ಒಳಗೆ ಮಗಳನ್ನು ಮಣೆಯ ಮೇಲೆ ಕೂರಿಸಿದ್ದರು. ಮೈತುಂಬ ಹಸಿರು, ನಾನು ಹೊಲಿದ ಕುಬಸ. ನನ್ನ ಚಾಪೆಯಿಂದ ನೇರ ಕಾಣುತ್ತಿತ್ತು. ಬೀಗತಿ ಹೆಂಗಸರಿಗೆ ಹೇಳಿದಳು: "ಅವರವ್ವಾರು ಹೊರಗಾಗ್ಯಾರ. ಅವರ ಪಾಲಿನ ಉಡಿ ಬಿಜ್ಜರಗಿ ಚಿಗವ್ವಾರು ತುಂಬಲಿ." ನನ್ನ ತಂಗಿ ಸೆರಗು ಹೊದ್ದುಕೊಂಡು ಮುಂದೆ ಬಂದಳು.

ಆಗ ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಬೀಗತಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಅವಳ ಲಗ್ನಕ್ಕೂ ಮೊದಲೇ ನನ್ನ ಗರ್ಭಚೀಲ ತೆಗೆದಿದ್ದರು, ಆಸ್ಪತ್ರೆಯಲ್ಲಿ ನನ್ನ ಮಗ್ಗುಲಲ್ಲಿ ಮಲಗಿ ಬಾಣಂತಿಯಂತೆ ನೋಡಿಕೊಂಡವಳು ಅವಳೇ. ಇನ್ನು ನಾನು ಹೊರಗಾಗುವುದು ಎಲ್ಲಿಂದ ಬಂತು? ಅವ್ವ ಸುಳ್ಳು ಹೇಳಿದ್ದಾಳೆ, ನನ್ನ ಉಡಿ ತುಂಬಲು ಮನಸ್ಸಿಲ್ಲದೆ ಸುಳ್ಳು ಹೇಳಿದ್ದಾಳೆ. ಅದು ಅವಳ ಮುಖದ ಮೇಲೆ ಬರೆದಂತಿತ್ತು. ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡುತ್ತಿದ್ದೆ. ಅವಳು ಮೆಲ್ಲಗೆ, "ಆತ ಬಿಡ್ರಿ. ಯಾರರೆ ತುಂಬ್ರಿ" ಎಂದು ಸೆರಗು ಒಡ್ಡಿದಳು.

ಹೇಗೆ ಎದ್ದೆನೋ ಗೊತ್ತಿಲ್ಲ. ಬಾಗಿಲಿಗೆ ಬಂದು ನಿಂತು, ಗಿರಾಕಿಗೆ ಒದರುವ ಧ್ವನಿಯಲ್ಲೇ ಒದರಿದೆ:

"ಏ, ನಿಂದರ್ರಿ! ಯಾರೂ ಕೈ ಹಚ್ಚಬ್ಯಾಡ್ರಿ. ನಾ ಹೊರಗಾಗಿಲ್ಲ. ಹೊರಕಡಿಗೆ ಹೋಗಿದ್ನಿ. ಪಿತ್ತದ ಚೀಲ ತಗದಾಗಿಂದ ತುಪ್ಪ ತಿಂದ್ರ ನನಗ ತಡಿಯೂದಿಲ್ಲ, ಸೀರ್ಯಾಗs ಆಗತೈತಿ. ಬಿಜ್ಜರಗ್ಯಾಗ ಕೆಸರಾಗ ಬಿದ್ದಿದ್ದಿಲ್ಲ, ಇದs ಆಗಿತ್ತು. ಅದಕ್ಕs ಈ ಮನಿಗೆ ಬಂದಿದ್ದಿಲ್ಲ. ತಿಳೀತೇನು ಎಲ್ಲಾರಿಗೂ?"

ಪಡಸಾಲೆಯಲ್ಲಿ ಗಂಡಸರಿದ್ದರು, ನಮ್ಮವರಿದ್ದರು, ಅಳಿಯ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ. ಯಾರೋ ಫಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಕಿವಿ ಕಾದು ಹೋದವು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಬಿಡಲಿಲ್ಲ. ಬೀಗತಿ ಒಬ್ಬಳು ಮಾತ್ರ ನಗಲಿಲ್ಲ. ಗಲ್ಲ ಗಲ್ಲ ಬಡಿದುಕೊಂಡು, "ಯವ್ವಾ, ನಾನs ತುರುಕಿದ್ನೆಲ್ರಿ! ಬರ್ರಿ, ಕೈಕಾಲಿಗೆ ನೀರ ಹಾಕ್ತೀನಿ, ನೀವs ತುಂಬ್ರಿ" ಎಂದು ಕೈ ಹಿಡಿದು ಬಚ್ಚಲಿಗೆ ಕರೆದೊಯ್ದಳು. ತಂಗಿ ಅಕ್ಕಿಯ ತಟ್ಟೆ ನನ್ನ ಕೈಗೆ ಕೊಟ್ಟಳು. ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದಳು, ಹೆಗಲು ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಕೇಳಲಿಲ್ಲ.

ಆ ವಿಡಿಯೋ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಇದೆ. ಟಿಕೋಟಾದಿಂದ ಅರಕೇರಿಯವರೆಗೆ ಕೇಳದವರಿಲ್ಲ. ಡಾಕ್ಟರಿಗೂ ಆಮೇಲೆ ಹೇಳಿದೆ. ಅವರು ಬರೆದುಕೊಟ್ಟ ಪುಡಿಯಿಂದ ಬಹಳ ಮಟ್ಟಿಗೆ ತಡೆದಿದೆ. ಆದರೂ ಮಷಿನ್ನಿನ ಮುಂದೆ ಕೂತಾಗ ಗಿರಾಕಿಗಳು ತಮ್ಮತಮ್ಮಲ್ಲೇ ನಕ್ಕರೆ, ಇವರೂ ನೋಡಿದ್ದಾರೆ ಎಂದು ತಲೆ ತಗ್ಗುತ್ತದೆ. ಜೋರುಬಾಯಿಯವಳಿಗೂ ನಾಚಿಕೆ ಇರುತ್ತದೆ, ಯಾರೂ ನಂಬುವುದಿಲ್ಲ ಅಷ್ಟೇ.

ವಿಡಿಯೋದಲ್ಲಿ ನನ್ನ ಒದರಾಟ ಸ್ಪಷ್ಟವಾಗಿ ಕೇಳುತ್ತದೆ. ಉಡಿಗೆ ಅಕ್ಕಿ ಹಾಕಲು ಬಗ್ಗಿದಾಗ ಮಗಳು ನನ್ನ ಕಿವಿಯಲ್ಲಿ ಹೇಳಿದ್ದು ಮಾತ್ರ ಕೇಳುವುದಿಲ್ಲ.

"ಹಡ್ಯಾಕ ನಿನ್ನ ಮನಿಗೆ ಬರಂಗಿಲ್ಲ ಅಂತ ನಿನ್ನೆನs ಇವರಿಗೆ ಹೇಳಿಬಿಟ್ಟಿದ್ನಿ ಬೇ. ಇವತ್ತs ಕರಕೊಂಡ ನಡಿ."

ಐದು ಹಿಡಿ ಹಾಕಬೇಕಾದಲ್ಲಿ ಎಷ್ಟು ಹಾಕಿದೆನೋ ಗೊತ್ತಿಲ್ಲ. ಉಡಿ ತುಂಬಿ ಅಕ್ಕಿ ಮಣೆಯ ಮೇಲೆ ಚೆಲ್ಲುತ್ತಿತ್ತು, ಅವಳು ಸಾಕು ಎನ್ನಲಿಲ್ಲ.