ಎರಡನೇ ಸಲದ ಎಣಿಕೆ

ದೇವರಿಲ್ಲ ಎಂಬುದು ನನಗೆ ಹನ್ನೊಂದನೇ ವಯಸ್ಸಿಗೇ ಖಾತ್ರಿಯಾಯಿತು. ಮೈ ಸುಡುವ ಜ್ವರ ಬಂದಿದ್ದ ತಂಗಿಗೆ ಮನೆಯವರು ಮೂರು ದಿನ ಎಲ್ಲವ್ವನ ಭಂಡಾರ ಹಚ್ಚುತ್ತ ಕೂತರು. ನಾಲ್ಕನೇ ದಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಅಂದಿನಿಂದ ಅರಿಶಿನದ ವಾಸನೆ ಬಡಿದರೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಆ ಸಿಟ್ಟನ್ನು ಕಟ್ಟಿಕೊಂಡೇ ಗೋವಾಕ್ಕೆ ಬಂದೆ. ಕರೆತಂದವನು ನನ್ನ ಸೋದರಮಾವ. ಅಲ್ಲಿ ಸಡಾ ಎಂಬ ಗುಡ್ಡದ ಮೇಲೆ ಅವನ ಮನೆಗೆ ಅಂಟಿಕೊಂಡೇ ನನ್ನದೊಂದು ಖೋಲಿ. ಕ್ರೇನು ಒಳಗೆ ಹೋಗದ ಕಾರ್ಖಾನೆಗಳಲ್ಲಿ ಮಷೀನುಗಳನ್ನು ಹಾರೆಯಿಂದ ಮೀಟಿ, ಅಡಿಗೆ ಪೈಪು ಕೊಟ್ಟು, ಉರುಳಿಸಿಕೊಂಡು ಸರಿಸುವುದು ನಮ್ಮ ಗ್ಯಾಂಗಿನ ಕೆಲಸ. ಹಾರೆ ಹಿಡಿಯುವವರು ಎಂಟು ಮಂದಿ, ಎಲ್ಲರೂ ವಿಜಯಪುರದ ಕಡೆಯವರು. ಮಾವ ನೆಲಕ್ಕೆ ಕೂತು ಪೈಪು ತೂರಿಸಲು ಸಿದ್ಧನಾಗಿ "ಎಲ್ಲವ್ವ ತಾಯೀ..." ಎಂದು ಎಳೆದು ಕೂಗುವನು. ಎಂಟೂ ಮಂದಿ "ಉಧೋ!" ಎನ್ನುವುದಕ್ಕೂ ಮಷೀನು ಮೇಲೇಳುವುದಕ್ಕೂ ಸರಿಹೋಗುತ್ತಿತ್ತು.

ನಾನು ಗ್ಯಾಂಗು ನಡೆಸುವ ಮುಕಾದಮನಾದ ಮೇಲೆ ಮೊದಲು ನಿಲ್ಲಿಸಿದ್ದು ಆ ಕೂಗನ್ನು.

"ಮಾವಾ, ಎತ್ತಾವ್ರು ನಾವು. ನಡುವ ಅಕೀ ಹೆಸರ್ಯಾಕ?" ಅಂದೆ.

"ನೀ ಈಗ ಮುಕಾದಮ ಅದಿ. ಹೆಂಗ ತಿಳಿತೈತಿ ಹಂಗ ಮಾಡಪಾ," ಎಂದು ಅವನು ಪೈಪು ಹೆಗಲಿಗೇರಿಸಿದ.

ಸಣ್ಣಪುಟ್ಟ ಮಷೀನುಗಳಿಗೆ ಕೂಗಿನ ಬದಲು ನಾನು ಹೇಳುವ ಎಣಿಕೆಯೇ ಸಾಕಾಯಿತು. ನಾನು ಬೀಗಿದೆ.

ಆಮೇಲೆ ಕುಂಡಯಿಯ ಒಂದು ಕಾರ್ಖಾನೆಯ ಶೆಡ್ಡಿನಲ್ಲಿ ಹಳೆಯ, ದೈತ್ಯ ಲೇಥು ಸರಿಸುವ ಕೆಲಸ ಬಂತು. "ಏಕ್, ದೋ, ತೀನ್!" ಎಂದೆ. ಎಡಗಡೆಯ ನಾಲ್ವರು 'ತೀನ್' ಅನ್ನುತ್ತಲೇ ಮೀಟಿದರು. ಬಲಗಡೆಯವರು ಅದು ಮುಗಿಯಲಿ ಎಂದು ಕಾದರು. ಮಷೀನು ಬಲಕ್ಕೆ ವಾಲಿತು, ಹಾರೆಗಳು ಜಾರಿದವು. ಆಗಷ್ಟೇ ಪೈಪು ತೂರಿಸಿದ್ದ ಮಾವನ ಬಲಗಾಲು ಅಡಿಗೆ ಸಿಕ್ಕಿತು.

ಮಷೀನು ಪೂರ್ತಿ ಕೂತಿರಲಿಲ್ಲ, ಅದೇ ಪೈಪು ತಡೆದಿತ್ತು. ಆದರೆ ಪೈಪು ಸ್ವಲ್ಪಸ್ವಲ್ಪವೇ ಹೊರಳುತ್ತಿತ್ತು. ಅದು ತಪ್ಪಿದರೆ ಕಾಲು ಹೋದ ಹಾಗೆಯೇ. ಮಾವ ಬಾಯಿ ತೆರೆದಿದ್ದ, ದನಿ ಹೊರಡುತ್ತಿರಲಿಲ್ಲ.

ಏನು ಕೂಗಬೇಕೆಂದು ನನಗೆ ಗೊತ್ತಿತ್ತು. ಎಂಟೂ ಮಂದಿ ಮತ್ತೆ ಹಾರೆ ತೂರಿಸಿ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಮತ್ತೆ "ಏಕ್, ದೋ, ತೀನ್" ಅಂದೆ. ಹೆದರಿದ ಕೈಗಳು ಮೊದಲಿಗಿಂತ ಹೆಚ್ಚು ಹಿಂದುಮುಂದಾದವು. ಮಷೀನು ಇನ್ನೂ ಒಂದು ಬೆರಳಿನಷ್ಟು ಇಳಿಯಿತು. ಆಗ ಮಾವ ಚೀರಿದ.

ಆಮೇಲೆ ಕೂಗಿದೆ. ಹೊಟ್ಟೆಯೊಳಗಿಂದ, ಅವನು ಎಳೆಯುತ್ತಿದ್ದ ಹಾಗೆಯೇ ಎಳೆದು, "ಎಲ್ಲವ್ವ ತಾಯೀ..."

"ಉಧೋ!"

ಎಂಟು ಹಾರೆಗಳು ಒಟ್ಟಿಗೇ ಮೀಟಿದವು. ಮಷೀನು ಎದ್ದಿತು. ನಾನು ಅವನ ಕಂಕುಳಿಗೆ ಕೈ ಹಾಕಿ ಎಳೆದುಕೊಂಡೆ.

ಇದನ್ನು ಹೇಳಿದರೆ ಭಕ್ತರು ಕುಣಿದಾಡುತ್ತಾರೆಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ದೇವಿ ಬಂದು ಎತ್ತಿದಳೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಎತ್ತಿದ್ದು ಎಂಟು ಜನರ ರಟ್ಟೆ. ಆದರೆ ಆ ಕೂಗು ತಾಯಿಯ ಸೊಂಟದ ಮೇಲಿದ್ದಾಗಿನಿಂದ ಅವರ ಕಿವಿಗೆ ಬಿದ್ದದ್ದು. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಅವರ ಮೈಗೆ ಗೊತ್ತು. ನನ್ನ ಎಣಿಕೆ ಅವರಿಗೆ ಬರೀ ಅಂಕಿ. ತಂಗಿಯನ್ನು ನುಂಗಿದ ನಂಬಿಕೆಯೇ ಮಾವನ ಕಾಲು ಉಳಿಸಿತು ಎನ್ನುವುದು ನನಗೆ ನುಂಗಲಾರದ ತುತ್ತಾಗಿದೆ. ಈಗ ಪ್ರತಿ ಭಾರಕ್ಕೂ ನಾನೇ ಕೂಗುತ್ತೇನೆ. ಆ ಹೆಸರು ಬಾಯಿಗೆ ಬಂದಾಗಲೆಲ್ಲ ತಂಗಿ ನೆನಪಾಗುತ್ತಾಳೆ, ಆದರೂ ಕೂಗುತ್ತೇನೆ.

ದವಾಖಾನೆಯಲ್ಲಿ ಮಾವನ ಬಲಗಾಲಿನ ಎರಡು ಬೆರಳು ತೆಗೆದರು. ಅವನು ಎಚ್ಚರಾದ ಕೂಡಲೇ "ದೇವಿ ಕಾಪಾಡಿದಳು" ಅನ್ನುತ್ತಾನೆಂದು ನಾನು ಮಂಚದ ಪಕ್ಕ ಕಾದು ಕೂತಿದ್ದೆ. ಅದಕ್ಕೆ ಖಾರವಾದ ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ. ಅವನು ದೇವಿಯ ಮಾತೇ ಎತ್ತಲಿಲ್ಲ. ಪಟ್ಟಿ ಕಟ್ಟಿದ ಕಾಲನ್ನು ನೋಡಿದ.

"ಮೊದಲನೇ ಸಲಾ ನಿನಗ ಗೊತ್ತಿರಲಿಲ್ಲ, ಬಿಡು," ಎಂದ. "ಎರಡನೇ ಸಲಾ ಯಾಕ ಎಣಿಸಿದಿ, ಅಳಿಯಾ?"