ನಮ್ಮ ಕಡೆಯವನ ಟ್ಯಾಕ್ಸಿ

ಪರೇಲಿನ ಆಸ್ಪತ್ರೆಯಲ್ಲಿ ಅಕ್ಕನನ್ನು ಆಪರೇಶನ್ನಿಗೆ ಒಳಗೆ ಒಯ್ಯುವ ಮೊದಲು ಅವಳ ಮುಖ ನೋಡಬೇಕಿತ್ತು. ಮುಂಬೈ ಏರ್‌ಪೋರ್ಟಿನಲ್ಲಿ ಇಳಿದವಳೇ ಆ್ಯಪ್‌ನಲ್ಲಿ ಟ್ಯಾಕ್ಸಿ ಬುಕ್ ಮಾಡಿದೆ. ಡ್ರೈವರನ ಫೋನ್ ಬಂತು.

"ಕಹಾಂ ಜಾನಾ ಹೈ?"

ಪರೇಲ್ ಅಂದೆ. ಅವನ ಮನೆ ವಿರುದ್ಧ ದಿಕ್ಕಿಗೆ, ಕಾಂದಿವಲಿಯಂತೆ, ಆ ಕಡೆಯ ಗಿರಾಕಿಯೇ ಬೇಕಂತೆ. ಬುಕಿಂಗ್ ನಾನೇ ಕ್ಯಾನ್ಸಲ್ ಮಾಡಬೇಕಂತೆ. ಅವನು ಮಾಡಿದರೆ ಕಂಪನಿಯವರು ಅವನ ಐಡಿ ಬಂದ್ ಮಾಡುತ್ತಾರಂತೆ. ಬರಲು ಮನಸ್ಸಿಲ್ಲದವನು ಅವನು, ತಪ್ಪು ಮಾತ್ರ ನನ್ನ ಹೆಸರಿಗೆ.

ಇವನಿಗೇನು ತಿಳಿದೀತು ಎಂದು "ನಿನ್ನ ಮನಿ ಹಾಳಾಗ" ಅಂದುಬಿಟ್ಟೆ.

"ಅಕ್ಕಾರ, ಕನ್ನಡದವ್ರೇನ್ರಿ? ನಂದು ಬಿಜಾಪುರ ರೀ."

ಸಿಟ್ಟು ಅರ್ಧ ಇಳಿಯಿತು. ಧಾರವಾಡ ಅಂದೆ, ಅಕ್ಕನ ಸಂಗತಿ ಹೇಳಿದೆ. ಇನ್ನು ಬಂದೇ ಬರುತ್ತಾನೆ ಅಂದುಕೊಂಡೆ.

"ಏನೂ ಆಗೂದಿಲ್ರಿ, ದೇವ್ರದಾನ. ನಮ್ಮವ್ರ ಅದೀರಿ ಅಂತ ಕೇಳಾಕತ್ತೀನಿ, ಕ್ಯಾನ್ಸಲ್ ಮಾಡಿಬಿಡ್ರಿ."

ಹೊತ್ತು ಹೋಗುತ್ತಿತ್ತು. ಹಲ್ಲು ಕಚ್ಚಿ ಕ್ಯಾನ್ಸಲ್ ಒತ್ತಿದೆ.

"ಭಾಳ ಉಪಕಾರ ಆತ್ರಿ. ಅವ್ರಿಗೆ ಆರಾಮಾದ ಮ್ಯಾಲೆ ಕರ್ಕೊಂಡು ನಮ್ಮ ಮನಿಗೆ ಬರ್ರಿ, ರೊಟ್ಟಿ ಊಟ ಮಾಡಿ ಹೋಗೀರಂತ."

ಹೆಂಗ ಬರ್ಲೋ, ಟ್ಯಾಕ್ಸಿ ಕಳಿಸ್ತೀಯೇನು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದ.